ಪಿಂಚಣಿ ನಿಂತದೆ, ಬಾಡಿಗೆ ಏರ್ತದೆ

ನಮ್ಮ ಪಾಂಡವಪುರದ ವಠಾರದಲ್ಲಿ ಒಂಟಿಯಾಗಿರೋ ಅಜ್ಜಿಗೆ ಸಂಧ್ಯಾ ಸುರಕ್ಷಾ ದುಡ್ಡು ತಿಂಗಳಿಗೆ 1200 ಬತ್ತದೆ. 2021ರಲ್ಲಿ 1000 ಇದ್ದದ್ದು 1200 ಆಯ್ತು, ಆಮೇಲೆ ಅಲ್ಲೇ ನಿಂತದೆ. ಬಾಡಿಗೆ ನಿಲ್ಲಲ್ವಲ್ಲ! ಹನ್ನೊಂದು ತಿಂಗಳು ತುಂಬುತ್ತಿದ್ದಂಗೆ ಏರುಸ್ತಾರೆ, ಈಗ 1500. ರೇಷನ್ ಕಾರ್ಡಲ್ಲಿ ಯಜಮಾನಿ ಊರಲ್ಲಿರೋ ಸೊಸೆ, ಅದ್ಕೇ ಗೃಹಲಕ್ಷ್ಮಿ 2000 ಇವ್ರ ಕೈಗಿಲ್ಲ. ಪಕ್ಕದ ಮನೆಯೋರಿಗೆ ಅವರೆಕಾಯಿ ಸುಲಿದುಕೊಟ್ಟು ಬಾಡಿಗೆ ತುಂಬ್ಸಿದ್ರು ಪಾಪ.

ಬಸವ ವಸತಿ ಐತಲ್ಲ ಅಂತೀರಾ? ಅದ್ಕೆ ಸೈಟು ನಮ್ದೇ ಇರ್ಬೇಕು ಕಣ್ರಕ್ಕ. ಎಪ್ಪತ್ತು ದಾಟಿದ ಮೇಲೆ ಯಾರು ಸೈಟು ತಗಂಡು ಗೋಡೆ ಎಬ್ಬಿಸ್ತಾರೆ? ಅವ್ರಿಗೆ ಬೇಕಾದ್ದು ಸ್ವಂತ ಮನೆಯಲ್ಲ, ಎಬ್ಬಿಸದ ಬಾಡಿಗೆ ಮನೆ. ನನ್ ಕೇಳಿದ್ರೆ, ಪುರಸಭೆಯೋರೇ ಆಸ್ಪತ್ರೆ ಹತ್ರ ಒಂದೊಂದು ರೂಮು ಕಟ್ಟಿ, ಪಿಂಚಣೀಲಿ ಕಾಲುಭಾಗ, ಅಂದ್ರೆ 300 ರೂಪಾಯಿ ಬಾಡಿಗೆ ಹಿಡೀಲಿ. ಪಿಂಚಣಿ ಏರಿದ ವರ್ಷ ಬಾಡಿಗೇನೂ ಏರುಸ್ಲಿ, ಯಾರು ಬ್ಯಾಡ ಅಂದ್ರು?