ಜಾಣೆ ಯಾರು?

ಪರೀಕ್ಷೆಯ ಫಲವು ಪ್ರಕಟವಾದ ದಿನ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯು ಒಂದೇ: “ನಮ್ಮ ಹುಡುಗಿ ಶಾಣ್ಯಾಕಿ ಅದಾಳೇನ್ರಿ, ಅಕ್ಕಾರ?” ಇಷ್ಟು ವರುಷ ನಾವು ಅಂಕಗಳನ್ನು ನೋಡಿ ಹೌದೆಂದೋ ಅಲ್ಲವೆಂದೋ ಉತ್ತರ ಕೊಡುತ್ತ ಬಂದೆವು. ಆ ಉತ್ತರವು ನ್ಯಾಯವಾದದ್ದೇ ಎಂಬ ಸಂಶಯವು ಈಗ ನಮ್ಮನ್ನು ಬಾಧಿಸುತ್ತಿರುವದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಲಚ್ಯಾಣದ ಕಡೆಯ ಇಬ್ಬರು ಹುಡುಗಿಯರನ್ನು ಮನಸ್ಸಿಗೆ ತಂದುಕೊಳ್ಳಿರಿ. ಒಬ್ಬಳ ಮನೆಯಲ್ಲಿ ಪುಸ್ತಕಗಳಿವೆ. ತಾಯಿಯು ಸಂಜೆ ಪಾಠವನ್ನು ಒಪ್ಪಿಸಿಕೊಳ್ಳುತ್ತಾಳೆ. ಇನ್ನೊಬ್ಬಳು ನಸುಕಿನಲ್ಲೆದ್ದು ನೀರು ತಂದು, ರೊಟ್ಟಿ ಬಡಿದು ಶಾಲೆಗೆ ಬರುತ್ತಾಳೆ. ತಂದೆತಾಯಿಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೆ ಮನೆಯ ಭಾರವೆಲ್ಲ ಅವಳದೇ. “ನೀರ ತರಾಕ ಹೋಗಿದ್ನಿರಿ” ಎಂದು ಅವಳು ಹೇಳಿದರೆ ನಾವು ಅವಳ ಭಾಷೆಯನ್ನು ತಿದ್ದುತ್ತೇವೆ. ನೀರಿನ ಮಾತನ್ನು ಮರೆಯುತ್ತೇವೆ. ಇಬ್ಬರಿಗೂ ಒಂದೇ ಪರೀಕ್ಷೆ. ಮೊದಲನೆಯವಳು ಜಾಣೆ, ಎರಡನೆಯವಳು ಮಂದಮತಿ ಎಂದು ತೀರ್ಮಾನಿಸುತ್ತೇವೆ.

ಹಿರಿಯ ಪೀಳಿಗೆಯು ಎಳೆಯರನ್ನು ಸಮಾಜದ ಬಾಳಿಗೆ ಅಣಿಮಾಡುವದೇ ಶಿಕ್ಷಣವೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮರು (1858–1917) ತಿಳಿಸಿದರು. ಅದು ನಿಜವೇ. ಆದರೆ ಅದೇ ದೇಶದ ಪಿಯೆರ್ ಬೋರ್ದ್ಯು ಅವರು (1930–2002) ಇನ್ನೊಂದು ಮಗ್ಗುಲನ್ನು ತೋರಿಸಿದರು. ನುಡಿ, ನಡೆ, ಪುಸ್ತಕಗಳ ಒಡನಾಟ ಇವೂ ಮನೆಯಿಂದ ಬರುವ ಬಂಡವಾಳವೇ. ಶಾಲೆಯು ಇದನ್ನು ಹುಟ್ಟುಗುಣವೆಂದು ಭಾವಿಸಿ ಬಹುಮಾನ ಕೊಡುತ್ತದೆ. ಹೀಗೆ ಮನೆಯ ಭೇದವು ಶಾಲೆಯ ಮುದ್ರೆಯನ್ನು ಪಡೆದು ಮುಂದಿನ ಪೀಳಿಗೆಗೂ ಸಾಗುತ್ತದೆ.

ಹಾಗಾದರೆ ಶಾಲೆಯು ವ್ಯರ್ಥವೋ? ಎಂದಿಗೂ ಅಲ್ಲ. ಸಾವಿತ್ರಿಬಾಯಿ ಫುಲೆಯವರಿಗೆ ತವರುಮನೆಯಿಂದ ಅಕ್ಷರದ ಬಂಡವಾಳವು ಬಂದಿರಲಿಲ್ಲ. ಮದುವೆಯಾದ ಮೇಲೆ ಕಲಿತು, 1848ರಲ್ಲಿ ಪುಣೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಕಲಿಸತೊಡಗಿದರು. ಕಲಿಸುವವರೊಬ್ಬರು ದೊರೆತರೆ ಇಲ್ಲದ ಬಂಡವಾಳವೂ ಬೆಳೆಯುವದು.

ತಲಾಂತುಗಳ ಸಾಮ್ಯವು ನಿಮಗೆ ಪರಿಚಿತವಷ್ಟೆ. ಐದನ್ನು ಹತ್ತು ಮಾಡಿದ ಆಳಿಗೆ ದೊರೆತ ಮೆಚ್ಚುಗೆಯೇ ಎರಡನ್ನು ನಾಲ್ಕು ಮಾಡಿದವನಿಗೂ ದೊರೆಯಿತು. ಒಡೆಯನು ಮೊತ್ತವನ್ನಷ್ಟೇ ಎಣಿಸದೆ, ಕೊಟ್ಟದ್ದೆಷ್ಟು, ಬೆಳೆದದ್ದೆಷ್ಟು ಎಂಬದನ್ನು ನೋಡಿದನು. ನಮ್ಮ ಅಳತೆಯೂ ಹೀಗೆಯೇ ಇರತಕ್ಕದ್ದು. ಮನೆಯಲ್ಲಿ ಹೊತ್ತು ಸಿಗದವಳಿಗೆ ಶಾಲೆಯಲ್ಲಿಯೇ ಅಭ್ಯಾಸಕ್ಕೆ ಹೊತ್ತು ಕೊಡತಕ್ಕದ್ದು. ಮನೆಮಾತನ್ನು ಹಳಿಯದೆ ಗ್ರಂಥಭಾಷೆಯನ್ನು ಕಲಿಸತಕ್ಕದ್ದು.

ಪಾಲಕರಲ್ಲಿಯೂ ಒಂದು ಬಿನ್ನಹವುಂಟು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರುಷದ ಮಕ್ಕಳ ಕೈಹಿಡಿಯುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು 18ರೊಳಗೆ ಹುಡುಗಿಯ ಮದುವೆಯನ್ನು ತಡೆಯುತ್ತದೆ. ನಡುವಿನ 4 ವರುಷಗಳು, ಅಂದರೆ ಪ್ರೌಢಶಾಲೆಯ ಕಾಲವೇ, ನಿಮ್ಮ ಕೈಯಲ್ಲಿವೆ. ಆ ಹೊತ್ತಿನಲ್ಲಿ ನಮ್ಮ ಬಾಯಿಂದ ಬಂದ “ಮಂದಮತಿ” ಎಂಬ ಮಾತೇ ಹುಡುಗಿಯನ್ನು ಶಾಲೆ ಬಿಡಿಸಲು ಮನೆಯವರಿಗೆ ನೆವವಾದದ್ದುಂಟು. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ.

ಹಳೆಯ ವಿದ್ಯಾರ್ಥಿನಿಯರೇ, ಸಂಜೆ ಒಂದು ಗಳಿಗೆ ನೆರೆಮನೆಯ ಹುಡುಗಿಯನ್ನು ಹತ್ತಿರ ಕೂಡ್ರಿಸಿಕೊಂಡು ಪಾಠ ಹೇಳಿರಿ. ನಿಮಗೆ ಬಂದ ಬಂಡವಾಳವು ಹಂಚಿದರೆ ಕರಗುವಂಥದಲ್ಲ. ಇನ್ನು ಮುಂದೆ ಪಾಲಕರು “ಹುಡುಗಿ ಶಾಣ್ಯಾಕಿ ಅದಾಳೇನ್ರಿ?” ಎಂದರೆ, ಉತ್ತರ ಕೊಡುವ ಮೊದಲು ನಾವೂ ಒಂದು ಪ್ರಶ್ನೆಯನ್ನು ಕೇಳುವೆವು: ಮನೆಯಲ್ಲಿ ಅವಳಿಗೆ ಓದಲು ಎಷ್ಟು ಹೊತ್ತು ಕೊಟ್ಟಿರಿ?