ಪ್ರಾಚೀನ ಕಲೆಯೂ ಬಾಲಿಕೆಯರ ಕಣ್ಣೂ

ಸ್ಪೆಯಿನ್ ದೇಶದ ಕಲೆಯೆಂದೊಡನೆ ಗ್ರನಾಡದ ಅಲ್‌ಹಂಬ್ರಾ ಅರಮನೆಯನ್ನೂ ಭವ್ಯವಾದ ಕ್ರೈಸ್ತ ದೇವಾಲಯಗಳನ್ನೂ ನೆನೆಯುವುದು ವಾಡಿಕೆ. ಆದರೆ ಆ ಕಲೆಯ ಆದಿಯನ್ನು ಅರಸಿದರೆ ನಾವು ಗುಹೆಯೊಂದರ ಚಾವಣಿಯನ್ನು ನೋಡಬೇಕಾಗುತ್ತದೆ. ಅದನ್ನು ಮೊದಲು ಗುರುತಿಸಿದವಳು ಎಂಟು ವರ್ಷದ ಬಾಲಿಕೆ. ಬಾಲಿಕೆಯರ ಶಾಲೆಯ ಸಂಚಿಕೆಯಲ್ಲಿ ಆ ವೃತ್ತಾಂತವನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

1879ರಲ್ಲಿ ಮಾರ್ಸೆಲಿನೋ ಸಾಂಜ್ ದೆ ಸಾವುತುವೋಲಾ ಎಂಬ ಗೃಹಸ್ಥನು ಉತ್ತರ ಸ್ಪೆಯಿನಿನ ಆಲ್ತಮೀರಾ ಗುಹೆಯಲ್ಲಿ ನೆಲವನ್ನು ಅಗೆದು ಶಿಲಾಯುಗದ ಆಯುಧಗಳನ್ನು ಹುಡುಕುತ್ತಿದ್ದನು. ಸಂಗಡ ಬಂದಿದ್ದ ಮಗಳು ಮರಿಯಾ ತಲೆಯೆತ್ತಿ ನೋಡಿದಳು. ಅಲ್ಲಿ ಕೆಂಪು, ಕಪ್ಪು ಬಣ್ಣಗಳಿಂದ ಬರೆದ ಕಾಡೆತ್ತುಗಳ ಹಿಂಡು! ಬಂಡೆಯ ಉಬ್ಬುಗಳನ್ನೇ ಮೃಗಗಳ ಮೈಕಟ್ಟನ್ನಾಗಿ ಮಾಡಿಕೊಂಡ ಆ ಚಿತ್ರಕಾರರು ಹತ್ತು ಸಾವಿರ ವರ್ಷಗಳಿಗೂ ಬಹಳ ಹಿಂದಿನವರು. ತಂದೆಯು 1880ರಲ್ಲಿ ಈ ಸಂಗತಿಯನ್ನು ಅಚ್ಚು ಹಾಕಿಸಿದಾಗ ಪಂಡಿತರು ನಂಬಲಿಲ್ಲ. ಅನಾಗರಿಕರಿಗೆ ಇಷ್ಟು ಕೌಶಲವೆಲ್ಲಿಯದೆಂದರು, ಮೋಸವೆಂದೂ ಶಂಕಿಸಿದರು. ಅವನು 1888ರಲ್ಲಿ ಆ ಅಪವಾದವನ್ನು ಹೊತ್ತೇ ಮೃತನಾದನು. ವಿರೋಧಿಗಳಲ್ಲಿ ಪ್ರಮುಖನಾದ ಕಾರ್ತೈಯಾಕನು ತನ್ನ ತಪ್ಪನ್ನು ಒಪ್ಪಿ ಬರೆದದ್ದು 1902ರಲ್ಲಿ.

ಚಿತ್ರದಂತೆ ಕಟ್ಟಡಕ್ಕೂ ಅಲ್ಲಿ ಪುರಾತನವಾದ ಆರಂಭವುಂಟು. ದಕ್ಷಿಣ ಸ್ಪೆಯಿನಿನ ಆಂತೆಕೇರದಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದೆ ಕಟ್ಟಿದ ಮೆಂಗಾ ಎಂಬ ಕಲ್ಲುಗೋರಿಯಿದೆ. ಅದರ ಮೇಲಿನ ಚಪ್ಪಡಿಗಳಲ್ಲೊಂದು ಸುಮಾರು 150 ಟನ್ ತೂಗುತ್ತದೆ.

ಇವು ದೂರದೇಶದ ವಿಚಿತ್ರಗಳೆಂದು ತಿಳಿಯಬಾರದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಚಪ್ಪಡಿಗಳಿಂದ ಕಟ್ಟಿದ ನೂರಾರು ಕಲ್ಲುಮನೆಗಳಿವೆ. ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳೂ ಇವೆ. ನಮ್ಮ ಬೈರಮಂಗಲಕ್ಕೆ ವಾಯವ್ಯದಲ್ಲಿರುವ ಸಾವನದುರ್ಗದ ಬಳಿಯಲ್ಲೂ ಪುರಾತನರ ಕಲ್ಲುಗೋರಿಗಳುಂಟು. ಬ್ರಾನ್‌ಫಿಲ್ ಎಂಬ ಸೇನಾಧಿಕಾರಿಯು 1881ರಲ್ಲಿ ಅವುಗಳನ್ನು ಕುರಿತು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಬರೆದನು. ಸ್ಪೆಯಿನಿನವರಿಂದ ನಮ್ಮವರು ಕಲಿತರೆಂದಲ್ಲ. ಉಭಯರ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಮೃತರನ್ನು ಗೌರವಿಸುವ ಮನಸ್ಸು ಮಾತ್ರ ಮನುಷ್ಯಮಾತ್ರರಿಗೆ ಸಮಾನವಾದುದು.

ಆದರೆ ನಮ್ಮದು ಕಲ್ಲು ಒಡೆಯುವ ಸೀಮೆ. ಜಲ್ಲಿಯಾಗಿ ಹೋದ ಗೋರಿಯನ್ನು ಯಾವ ವಿದ್ವಾಂಸನೂ ಮರಳಿ ಜೋಡಿಸಲಾರನು. ಹೆಣ್ಣುಮಕ್ಕಳಿಗೆ ಕಲ್ಲಿನ ಗೊಡವೆಯೇಕೆಂದು ಕೆಲವರು ಕೇಳಬಹುದು. ಹಸು ಮೇಯಿಸಲು, ಸೌದೆ ತರಲು ಗುಡ್ಡದ ಮಗ್ಗುಲಿಗೆ ಹೋಗುವವರು ಬಹುಮಟ್ಟಿಗೆ ಅವರೇ; ಆದುದರಿಂದ ಪಂಡಿತರಿಗಿಂತ ಮೊದಲು ಕಾಣುವವರೂ ಅವರೇ ಎಂಬುದು ನಮ್ಮ ಉತ್ತರ. ಅಂತಹ ಕಲ್ಲು ಕಣ್ಣಿಗೆ ಬಿದ್ದರೆ ಅಗೆಯಬೇಡಿರಿ, ಕದಲಿಸಬೇಡಿರಿ. ಗೇಣು ಮೊಳಗಳಿಂದ ಅಳೆಯಿರಿ, ಚಿತ್ರ ಬರೆದುಕೊಳ್ಳಿರಿ, ಊರಿನ ಹಿರಿಯರು ಅದನ್ನು ಕರೆಯುವ ಹೆಸರನ್ನು ಕೇಳಿ ಗುರುತುಹಾಕಿ ಉಪಾಧ್ಯಾಯಿನಿಯರಿಗೆ ಒಪ್ಪಿಸಿರಿ.

ಹಿರಿಯರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಬಾಲಿಕೆಯು ಕಂಡುದನ್ನು ಹೇಳಿದಾಗ ನಕ್ಕು ತಳ್ಳಿಹಾಕದೆ ಎದ್ದುಹೋಗಿ ನೋಡಿರಿ. ಮರಿಯಾಳ ತಂದೆಯು ಮಾಡಿದ್ದು ಇಷ್ಟೇ. ಲೋಕದ ಪಂಡಿತರಿಗೆ ಅಷ್ಟನ್ನು ಮಾಡಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.