ಆನ್‌ಲೈನ್ ಹರಾಜಿನ ‘ಅಭಿವೃದ್ಧಿಯೋಗ್ಯ’ ಜಮೀನು: ಬಿಡ್ ಮಾಡುವ ಮುನ್ನ ಪಹಣಿ ನೋಡಿರಿ

2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದಂದಿನಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. 2025ರ ಜನವರಿಯಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳ ಇ-ಹರಾಜಿಗೆ ‘ಬ್ಯಾಂಕ್‌ನೆಟ್’ ಎಂಬ ಒಂದೇ ಜಾಲತಾಣ ಬಂದಿತು. ಹೀಗಾಗಿ ಯಾದಗಿರಿ, ಶಹಾಪುರ, ಸುರಪುರದ ರಸ್ತೆ ಬದಿಯ ಜಮೀನೊಂದು ಹರಾಜಿಗೆ ಬಂದರೆ ಊರಿನವರು ಅರಿಯುವ ಮೊದಲೇ ದೂರದ ನಗರದವರು ಅದನ್ನು ಮೊಬೈಲಿನಲ್ಲಿ ನೋಡಿರುತ್ತಾರೆ. ಹತ್ತಿ, ಭತ್ತದಲ್ಲಿ ಕೂಡಿಟ್ಟ ಹಣವನ್ನು ಇಂತಹ ಜಮೀನಿಗೆ ತೊಡಗಿಸಲು ನೀವು ಯೋಚಿಸುತ್ತಿದ್ದರೆ, ಅಥವಾ ನಿಮ್ಮದೇ ಜಮೀನು ಆ ಪಟ್ಟಿಗೆ ಸೇರುವ ಭಯವಿದ್ದರೆ, ಮುಂದಿನ ಸಂಗತಿಗಳು ನಿಮಗೆ ತಿಳಿದಿರಬೇಕು.

ಬ್ಯಾಂಕುಗಳು ನ್ಯಾಯಾಲಯದ ಮೆಟ್ಟಿಲೇರದೆ ಅಡಮಾನದ ಆಸ್ತಿಯನ್ನು ಮಾರುವುದು 2002ರ ಸರ್ಫೇಸಿ ಕಾಯ್ದೆಯ ಬಲದಿಂದ. ಅದೇ ಕಾಯ್ದೆಯ 31(ಐ) ಕಲಂ ಕೃಷಿ ಭೂಮಿಯನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಡೀ ವಿಷಯದ ತಿರುಳು ಇಲ್ಲಿದೆ. ಪ್ರಕಟಣೆಯಲ್ಲಿ ‘ಅಭಿವೃದ್ಧಿಯೋಗ್ಯ’ ಎಂದು ಬರೆದ ಮಾತ್ರಕ್ಕೆ ಜಮೀನು ಕೃಷಿಯೇತರವಾಗುವುದಿಲ್ಲ. ಭೂ ಕಂದಾಯ ಕಾಯ್ದೆಯ 95ನೆಯ ಕಲಂ ಪ್ರಕಾರ ಪರಿವರ್ತನೆಯ ಆದೇಶ ಆಗಿದೆಯೇ, ಪಹಣಿಯ ಬೆಳೆ ಕಾಲಂನಲ್ಲಿ ಏನಿದೆ, ಹೊಲದಲ್ಲಿ ಈಗ ಏನು ನಿಂತಿದೆ ಎಂಬುದನ್ನು ಕಣ್ಣಾರೆ ನೋಡಬೇಕು. ಏಕೆಂದರೆ ಸರ್ವೋಚ್ಚ ನ್ಯಾಯಾಲಯವು ಕಾಗದವನ್ನಷ್ಟೇ ಅಲ್ಲ, ಭೂಮಿಯ ನಿಜವಾದ ಬಳಕೆಯನ್ನೂ ಪರಿಗಣಿಸುತ್ತದೆ; ಕೃಷಿ ನಡೆಯುತ್ತಿದೆ ಎಂದು ಸಾಬೀತುಪಡಿಸುವ ಹೊಣೆ ಸಾಲಗಾರನದು ಎಂದು 2023ರಲ್ಲಿ ಹೇಳಿದೆ. ಬೆಳೆ ನಿಂತ ಹೊಲವನ್ನು ಹರಾಜಿನಲ್ಲಿ ಕೊಂಡವರು ಹೊಲದ ಜೊತೆಗೆ ವ್ಯಾಜ್ಯವನ್ನೂ ಕೊಂಡಂತೆ.

ಹಣದ ಲೆಕ್ಕವೂ ಬಿಗಿಯಾದುದು. 40 ಲಕ್ಷ ರೂಪಾಯಿಗೆ ಬಿಡ್ ನಿಮ್ಮದಾಯಿತೆನ್ನಿ. ಮುಂಗಡ ಠೇವಣಿಯೂ ಸೇರಿ ಶೇ. 25, ಅಂದರೆ 10 ಲಕ್ಷವನ್ನು ಅದೇ ದಿನ ಅಥವಾ ಮರು ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ 30 ಲಕ್ಷಕ್ಕೆ ಮಾರಾಟ ದೃಢಪಟ್ಟ ಮೇಲೆ 15 ದಿನಗಳ ಗಡುವು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಮಾತ್ರ ಹೆಚ್ಚೆಂದರೆ ಮೂರು ತಿಂಗಳು. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಫಸಲು ಮಾರಿ ಕಟ್ಟುತ್ತೇನೆ ಎಂಬ ಭರವಸೆ ಇಲ್ಲಿ ನಡೆಯದು.

ಮಾರಾಟವು ‘ಇದ್ದಲ್ಲಿ, ಇದ್ದಂತೆ’ ನಡೆಯುತ್ತದೆ. ಬ್ಯಾಂಕಿನದು ಸಾಂಕೇತಿಕ ಸ್ವಾಧೀನವೋ ಭೌತಿಕ ಸ್ವಾಧೀನವೋ ಎಂದು ಪ್ರಕಟಣೆಯಲ್ಲಿ ಓದಿರಿ. ಸಾಂಕೇತಿಕವಾದರೆ ಹೊಲದಲ್ಲಿ ಹಳೆಯ ಮಾಲೀಕರೇ ಇರಬಹುದು. ಋಣಭಾರ ಪತ್ರ, ಮ್ಯುಟೇಶನ್ ಮತ್ತು ಚೆಕ್ಕುಬಂದಿಯನ್ನು ತಾಳೆ ನೋಡಿರಿ. ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದು, ಹಿಂದೆ ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಎದುರಾಗುತ್ತದೆ, 2023ರ ತಿದ್ದುಪಡಿಯ ನಂತರ ಮರಳಿ ಕೇಳಲು ಕಾಲಮಿತಿಯ ತಡೆಯೂ ಉಳಿದಿಲ್ಲ.

ನಮ್ಮ ಭಾಗಕ್ಕೆ ವಿಶೇಷವಾದ ಮಾತೊಂದಿದೆ. ಶಹಾಪುರ, ಸುರಪುರದ ಬಹುಪಾಲು ಕಾಲುವೆ ಜಮೀನು ನಾರಾಯಣಪುರ ಎಡದಂಡೆಯ ನೀರು ಕಂಡ ಎರೆ ಭೂಮಿ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಸಾಧಾರಣ ತಳಪಾಯದ ಮೇಲೆ ಕಟ್ಟಿದ ಗೋಡೆ ಬಿರುಕು ಬಿಡುವುದು ಇದರಿಂದಲೇ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಮತ್ತು ಹೊಲಗಾಲುವೆ ಎಲ್ಲಿವೆ ಎಂದು ನೋಡದೆ ಹೋದರೆ, ಕೊಂಡ ಜಮೀನಿಗೆ ದಾರಿಯೇ ಇಲ್ಲವೆಂದು ನಂತರ ತಿಳಿಯುತ್ತದೆ. ನಿವೇಶನ ಮಾಡಿ ಮಾರುವ ಉದ್ದೇಶವಿದ್ದರೆ ಬಡಾವಣೆ ನಕ್ಷೆಗೆ ಮಂಜೂರಾತಿ ಬೇಕು. ವಿಸ್ತೀರ್ಣ 500 ಚದರ ಮೀಟರ್ ಮೀರಿದರೆ ಸಾಮಾನ್ಯವಾಗಿ ರೇರಾ ನೋಂದಣಿಯೂ ಬೇಕು.

ವಿಸ್ತರಣಾ ಕಾರ್ಯಕರ್ತರು ಸಾಲದಲ್ಲಿರುವ ರೈತರಿಗೆ ತಿಳಿಸಬೇಕಾದುದು ಬೇರೆ. ರಸ್ತೆ ಬದಿಯ ಹೊಲವನ್ನು ಬೆಲೆ ಏರಲೆಂದು ಪರಿವರ್ತನೆ ಮಾಡಿಸಿ, ಅದರ ಮೇಲೆ ವ್ಯಾಪಾರಕ್ಕೆ ಸಾಲ ಪಡೆದವರು 31(ಐ) ಕಲಂನ ರಕ್ಷಣೆಯನ್ನು ತಾವೇ ಬಿಟ್ಟುಕೊಟ್ಟಿರುತ್ತಾರೆ. ಇದನ್ನು ಪರಿವರ್ತನೆಗೆ ಮೊದಲೇ ಹೇಳಬೇಕು. ಬ್ಯಾಂಕಿನ ನೋಟಿಸು ಬಂದಾಗ ಅದನ್ನು ಗೂಡಿನಲ್ಲಿಡಬಾರದು: 60 ದಿನಗಳೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕು. ಹರಾಜು ಪ್ರಕಟಣೆ ಹೊರಬೀಳುವ ಮುನ್ನ ಬಾಕಿ ತೀರಿಸಿದರೆ ಮಾತ್ರ ಜಮೀನು ಬಿಡಿಸಿಕೊಳ್ಳುವ ಹಕ್ಕು ಉಳಿಯುತ್ತದೆ. ಸ್ವಾಧೀನದ ಕ್ರಮವನ್ನು ಪ್ರಶ್ನಿಸಲು 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಸುರಪುರದ ರೈತನಿಗೆ ಅದು ದೂರದ ದಾರಿ. ಆದ್ದರಿಂದ ನೋಟಿಸಿನ ಪ್ರತಿ, ಪಹಣಿ ಮತ್ತು ಹೊಲದ ಛಾಯಾಚಿತ್ರಗಳೊಡನೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸಲಹೆ ಪಡೆಯಲು ಅವರಿಗೆ ನೆರವಾಗಿರಿ.